ರಕ್ತದಲ್ಲಿ ನಿಂತ ತಮ್ಮ

ಶಿವನಂಜಪ್ಪನವರ ಹೊಟ್ಟೆಯೊಳಗೆ ಮೇದೋಜೀರಕ ಗ್ರಂಥಿಗೆ ಉರಿ ಹತ್ತಿತು. ಸುದ್ದಿ ಮುಟ್ಟಿಸಲು ಆ ಗ್ರಂಥಿತಾಯಿಯ ಇಬ್ಬರು ಕಿಣ್ವಮಕ್ಕಳು ರಕ್ತಕ್ಕೆ ಧುಮುಕಿದರು: ಪಿಷ್ಟ ಕರಗಿಸುವ ಅಣ್ಣ ಅಮೈಲೇಸ್, ಕೊಬ್ಬು ಕರಗಿಸುವ ತಮ್ಮ ಲೈಪೇಸ್.

"ಅಮ್ಮ ಉರಿಯುತ್ತಿದ್ದಾಳೆ!" ಎಂದು ಅಣ್ಣ ಮೈಯೆಲ್ಲ ಓಡಾಡಿ ಕೂಗಿದ.

ಹೊರಗೆ ಶಿವನಂಜಪ್ಪ ಹೊಟ್ಟೆ ಹಿಡಿದುಕೊಂಡು, "ಬರೀ ಗ್ಯಾಸ್ಟ್ರಿಕ್ ಕಣೇ, ಸೋಡಾ ಕೊಡು," ಎಂದು ಹೆಂಡತಿಗೆ ಹೇಳಿದರು. ಹೀಗೇ ದಿನಗಳು ಕಳೆದವು. ಕೂಗಿ ಕೂಗಿ ಸೋತ ಅಣ್ಣ, "ಇನ್ನು ನನ್ನ ಕೈಲಾಗದು ತಮ್ಮಾ, ಅಮ್ಮನನ್ನು ನೋಡಿಕೋ," ಎಂದು ಮೂತ್ರಪಿಂಡದ ದಾರಿ ಹಿಡಿದು ಹೊರಟುಹೋದ.

ಕೊನೆಗೆ ಹೆಂಡತಿ, "ನಿಮ್ಮ ಸೋಡಾ ಸಾಕು, ಏಳಿ!" ಎಂದು ಗದರಿಸಿ ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿ ಸೂಜಿ ಚುಚ್ಚಿ ರಕ್ತ ತೆಗೆದರು. ರಕ್ತದ ತುಂಬ ಸಿಕ್ಕಿದವನು ತಮ್ಮನೊಬ್ಬನೇ. ಅವನನ್ನು ಕಂಡೊಡನೆ ಪರೀಕ್ಷಾಯಂತ್ರಕ್ಕೆ ಉರಿ ಎಲ್ಲಿದೆಯೆಂದು ತಿಳಿಯಿತು.

"ಭಲೇ! ನಿನ್ನಣ್ಣನ ಸುಳಿವೇ ಇಲ್ಲ. ಅವನಿಗೆ ತಾಯಿಯ ಚಿಂತೆ ಇರಲಿಲ್ಲವೇ?" ಎಂದು ಯಂತ್ರ ಕೇಳಿತು.

"ಹಾಗನ್ನಬೇಡಿ. ಮೊದಲ ದಿನವೇ ಗಂಟಲು ಹರಿಯುವಂತೆ ಕೂಗಿದವನು ಅವನು. ರಕ್ತ ನಿಮ್ಮ ಬಳಿ ಬಂದದ್ದು ತಡವಾಯಿತು. ನಾನು ಅವನ ಮಾತನ್ನೇ ಹಿಡಿದುಕೊಂಡು ಇಲ್ಲಿ ನಿಂತಿದ್ದೆ, ಅಷ್ಟೇ," ಎಂದ ತಮ್ಮ.