ಚರಗದ ಜೊತೆ ಹಾರಿಹೋದ ಉಂಗುರ

ಹೊದಿಕೆ ಎಳ್ಕೋ, ಕಾಲು ಮಡಚು, ಹೂಂ ಅಂತಿರು. ಹೂಂ ಅನ್ನೋರು ಇಲ್ಲದಿದ್ರೆ ಕತೆಗೂ ನಿದ್ದೆ ಬರುತ್ತೆ.

ಒಂದಾನೊಂದು ಕಾಲದಲ್ಲಿ, ರಾಜರ ಕಾಲ ಅಲ್ಲ, ಊರಿಗೆ ಬಸ್ಸು ಬರ್ತಿತ್ತು, ಆದ್ರೆ ಅದಕ್ಕೆ ಮನಸ್ಸು ಬಂದ ದಿನ ಬರ್ತಿತ್ತು, ಅಂಥಾ ಕಾಲದಲ್ಲಿ, ಎರೆಹೊಲದ ಸೀಮೆಯಲ್ಲಿ ಕೊಟ್ರವ್ವ ಅಂತ ಒಬ್ಬಳು ಹೊಸ ಸೊಸೆ ಇದ್ಳಂತೆ. ಮದುವೆ ದಿನ ಅವಳ ಅತ್ತೆ ತನ್ನ ಬೆರಳಿನ ಬಂಗಾರದುಂಗುರ ಬಿಚ್ಚಿ ಅವಳಿಗೆ ಹಾಕಿದ್ಳಂತೆ. ಅತ್ತೆಗೆ ಅವಳ ಅತ್ತೆ ಹಾಕಿದ್ದು, ಆ ಅತ್ತೆಗೆ ಇನ್ಯಾವ ಅತ್ತೆಯೋ. ಅತ್ತೆ ಬೆರಳು ಬದನೇಕಾಯಿ, ಸೊಸೆ ಬೆರಳು ಬೆಂಡೇಕಾಯಿ, ಉಂಗುರ ಗಿರಗಿರ ತಿರುಗ್ತಿತ್ತಂತೆ. ಒಂದೆರಡು ಸುತ್ತು ದಾರ ಸುತ್ಕೊಳ್ಳೇ ಅಂತ ಹೇಳೋಕೆ ಆ ಮನೇಲಿ ಒಂದು ಬಾಯಿ ಇರಲಿಲ್ಲ, ಬೇರೆ ಎಲ್ಲದಕ್ಕೂ ಇತ್ತು.

ಆಮೇಲೆ ಸೀಗಿ ಹುಣ್ಣಿಮೆ ಬಂತು. ಸೀಗಿ ಹುಣ್ಣಿಮೆ ಹೊತ್ತಿಗೆ ಭೂಮಿತಾಯಿ ತುಂಬು ಬಸುರಿ, ಬೆಳೆ ಹೊಟ್ಟೇಲಿ ಇರುತ್ತೆ. ಬಸುರಿಗೆ ಬಯಕೆ ಊಟ ಹಾಕ್ತೀವಲ್ಲ, ಹಂಗೆ ಹೊಲಕ್ಕೂ ಹಾಕ್ಬೇಕು. ಮನೆಮಂದಿಯೆಲ್ಲ ಗಾಡಿ ಕಟ್ಕೊಂಡು ಹೋಗಿ, ರೊಟ್ಟಿ, ಕಡುಬು, ಕುಂಬಳಕಾಯಿ ಪಲ್ಯ, ಮೊಸರನ್ನ ಎಲ್ಲ ಕಲಸಿ, ಹಿಡಿ ಹಿಡಿ ಬೆಳೆ ಮೇಲೆ ಎರಚ್ತಾರೆ. ಅದಕ್ಕೇ ಚರಗ ಅನ್ನೋದು. ಎರಚಿದ ಮೇಲೆ ತಿರುಗಿ ನೋಡಬಾರದು, ಬಸುರಿ ಉಣ್ಣೋದನ್ನ ನೋಡಿದ್ರೆ ದೃಷ್ಟಿ ಆಗುತ್ತಂತೆ. ಕೊಟ್ರವ್ವನೂ ಕೈತುಂಬ ಚರಗ ತಗೊಂಡು, ಹೊಸ ಸೊಸೆ ಅಲ್ವಾ, ತೋಳಲ್ಲಿ ಇರೋ ಶಕ್ತಿಯೆಲ್ಲ ಹಾಕಿ ಬೀಸಿ ಎರಚಿದ್ಳು, ತಿರುಗಿ ನೋಡದಂಗೆ ಮನೆಗೆ ಬಂದ್ಳು. ಬಂದು ಕೈ ತೊಳೀತಾಳೆ, ಬೆರಳು ಬೋಳು!

ಅತ್ತೇ, ಚರಗದ ಜೊತೆ ಹೋಯ್ತು ಅಂತ ಕಾಣುತ್ತೆ ಅಂದ್ಳಂತೆ. ಅತ್ತೆ ಮುಖ ಸಿಂಡರಿಸಿ, ಬಂಗಾರನ ಹೊಲಕ್ಕೆ ಎಸೆಯೋರು ಯಾರಿದಾರೆ ತಾಯಿ, ಚರಗದ ಜೊತೆ ಹೋಯ್ತೋ, ದಸರಾಕ್ಕೆ ಬಂದ ನಿಮ್ಮಣ್ಣನ ಜೊತೆ ಹೋಯ್ತೋ ಅಂದ್ಳಂತೆ. ಗಂಡ ಅನ್ನೋನು ಪಕ್ಕದಲ್ಲೇ ಕೂತು ಎಲೆ ಅಡಿಕೆ ಅಗೀತಾ ಇದ್ದ, ಅಗೀತಾನೇ ಇದ್ದ.

ಈ ಮಾತು ಬಾಯಿಂದ ಬಾಯಿಗೆ ಹೋಗಿ ಅಣ್ಣ ಪರಸಣ್ಣನ ಕಿವಿಗೆ ಬಿತ್ತು. ಅವನು ಊರ ಹೊರಗಿನ ಸೇತುವೆ ತನಕ ಬಂದು, ತಂಗೀನ ಅಲ್ಲಿಗೇ ಕರೆಸಿ, ನೋಡವ್ವ, ಈ ಮಾತು ನನ್ನ ಮೇಲಿರೋವರೆಗೆ ನಿಮ್ಮ ಹೊಸಲು ತುಳಿಯಲ್ಲ, ನಿಮ್ಮನೆ ನೀರೂ ಮುಟ್ಟಲ್ಲ ಅಂದ್ನಂತೆ. ಹಂಗಂತ ತಂಗೀನ ಬಿಡಲಿಲ್ಲ. ವರ್ಷ ವರ್ಷ ಪಂಚಮಿಗೆ ಕರಿಯೋಕೆ ಬರ್ತಿದ್ದ, ಸೇತುವೆ ಕಟ್ಟೆ ಮೇಲೆ ಕೂರ್ತಿದ್ದ, ತಾನು ತಂದ ಬುತ್ತಿ ಬಿಚ್ಚಿ ತಾನು ತಂದ ನೀರೇ ಕುಡೀತಿದ್ದ. ತಂಗಿ ಚೀಲ ಹಿಡ್ಕೊಂಡು ಅಲ್ಲಿಗೇ ನಡ್ಕೊಂಡು ಹೋಗ್ತಿದ್ಳು. ಹೂಂ ಅನ್ನು ಮಗಾ. ಹಂಗೇ ಅತ್ತೆ ಹೋದ್ಳು, ಗಂಡ ಹೋದ, ಅಣ್ಣ ತಂಗಿ ಇಬ್ಬರ ತಲೆನೂ ಬೆಳ್ಳಗಾಯ್ತು, ಸೇತುವೆ ಒಂದ್ಸಲ ಕುಸಿದು ಹೊಸದೂ ಆಯ್ತು.

ಕೊಟ್ರವ್ವಂಗೆ ಮೂರು ಜನ ಗಂಡುಮಕ್ಕಳು. ಒಂದಿನ ಮೂವರನ್ನೂ ಕೂರಿಸ್ಕೊಂಡು, ನಂಗೆ ಸೀರೆ ಬ್ಯಾಡ, ಕಾಶಿ ಬ್ಯಾಡ, ಆ ಉಂಗುರ ಹುಡುಕ್ರೋ, ನಮ್ಮಣ್ಣ ಸಾಯೋದ್ರೊಳಗೆ ನನ್ನ ಕೈಯಿಂದ ಒಂದು ರೊಟ್ಟಿ ತಿನ್ಬೇಕು ಅಂದ್ಳಂತೆ.

ದೊಡ್ಡೋನು ಹೋಗಿ ಕಣಿ ಕೇಳಿದ. ಕಣಿ ಹೇಳೋಳು ಕಣ್ಣು ಮುಚ್ಚಿ, ಅಕ್ಕಿ ತೂರಿ, ಬಿದ್ದ ಜಾಗದಲ್ಲೇ ಐತೆ ಅಂದ್ಳಂತೆ. ಅಷ್ಟು ನಮ್ಮನೆ ಎಮ್ಮೆನೂ ಹೇಳ್ತಿತ್ತು ಅಂದ್ಳು ಕೊಟ್ರವ್ವ. ನಡುವಿನೋನು ಜೋಳ ಕೊಯ್ದ ಮೇಲೆ ಹೊಲ ಅಗೆದು, ಮಣ್ಣನ್ನ ಜರಡಿ ಹಿಡಿಯೋಕೆ ಹೋದ. ಎರೆಮಣ್ಣು ಜರಡಿ ಇಳಿಯುತ್ತಾ, ಹೆಂಟೆ ಹೆಂಟೆಯಾಗಿ ಮೇಲೇ ಕೂತ್ಕೊಳ್ತು, ಇವನು ಸೊಂಟ ಹಿಡ್ಕೊಂಡು ಕೆಳಗೆ ಕೂತ್ಕೊಂಡ. ಆಮೇಲೆ ಕಿರಿಯೋನು ಪೇಟೆಗೆ ಹೋಗಿ, ಮಣ್ಣೊಳಗಿನ ನೀರಿನ ಪೈಪು ಹುಡುಕೋರ ಹತ್ರ ಒಂದು ಮೆಷಿನ್ ಕೇಳಿ ತಂದ್ನಂತೆ. ಉದ್ದನೆ ಕೋಲು, ತುದಿಗೆ ತಟ್ಟೆ, ಮಣ್ಣೊಳಗೆ ಲೋಹ ಇದ್ರೆ ಕುಂಯ್ ಅಂತ ಕೂಗುತ್ತೆ. ಕೊಟ್ರವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯೋಕೆ ಬಂದ್ರೆ, ಅದು ಅವಳ ಸೊಂಟದ ಕೀಲಿಗೊಂಚಲಿಗೇ ಕೂಗ್ತಂತೆ. ಇದಕ್ಕೂ ಮೊದಲು ಮನೆಯೋರ ಮೇಲೇ ಕೂಗೋ ಚಾಳಿ ಐತೆ, ನಮ್ಮತ್ತೆ ಹಂಗೇ ಅಂದ್ಳು.

ಹೊಲದಲ್ಲಿ ಮೆಷಿನ್ ಮೊದಲನೇ ಸಲ ಕೂಗ್ತು. ಅಗೆದು ನೋಡಿದ್ರೆ ಒಂದು ಕುಡುಗೋಲು. ಕೊಟ್ರವ್ವ ಅದನ್ನ ನೋಡಿ ತಲೆ ಮೇಲೆ ಕೈ ಹೊತ್ತಳು. ಅಯ್ಯೋ, ಇದನ್ನ ಬದುವಿನಾಚೆ ಗೋಣೆಪ್ಪ ಕದ್ದ ಅಂತ ನಿಮ್ಮಪ್ಪ ಅವನ ಜೊತೆ ಮಾತು ಬಿಟ್ಟಿದ್ದ, ನೀವೂ ಬಿಟ್ಟಿದೀರಿ! ಹೋಗ್ರೋ, ಕೊಟ್ಟು ತಪ್ಪಾಯ್ತು ಅನ್ರೋ. ಮೂವರೂ ಮುಖ ಮುಖ ನೋಡ್ಕೊಂಡು ಹೋದ್ರಂತೆ. ಗೋಣೆಪ್ಪ ಕುಡುಗೋಲು ತಿರುಗಿಸಿ ತಿರುಗಿಸಿ ನೋಡಿ, ಕದ್ದೋನು ಅನ್ನಿಸ್ಕೊಂಡಿದ್ದಕ್ಕೆ ಮಾಲಾದ್ರೂ ಸಿಕ್ತಲ್ಲ ಬಿಡ್ರಪ್ಪ ಅಂತ ನಕ್ಕು, ಮನೇಲಿ ಕೂರಿಸಿ ಚಾ ಕುಡಿಸಿದ್ನಂತೆ.

ಎರಡನೇ ಸಲ ಕೂಗ್ತು. ಎತ್ತಿನ ಕೊಂಬಿನ ತುದಿಗೆ ಹಾಕ್ತಾರಲ್ಲ ಹಿತ್ತಾಳೆ ಕೋಡಣಸು, ಅದು. ಅದು ಕಳೆದಾಗ ಗಾಡಿ ಹೊಡೀತಿದ್ದ ದುರುಗಪ್ಪನ ಮೇಲೆ ಅನುಮಾನ ಬಂದು, ಅವನು ಅವತ್ತೇ ಕೆಲಸ ಬಿಟ್ಟು ಹೋಗಿದ್ನಂತೆ. ಮೂವರೂ ಅವನ ಮನೆಗೂ ಹೋದ್ರು. ಮುದುಕ ಅದನ್ನ ಪಂಚೆ ಅಂಚಲ್ಲಿ ಒರೆಸಿ, ಇದು ನಮ್ಮ ಕೆಂದ ಎತ್ತಿಂದು, ಅವನಿಗೆ ಕೊಂಬು ತಿಕ್ಕೋ ಚಾಳಿ ಅಂದ, ಕಣ್ಣೂ ಒರೆಸ್ಕೊಂಡ. ಆಮೇಲೆ, ಏನು ಹುಡುಕ್ತಿದೀರಿ ಅಂತ ಕೇಳಿದ. ಹೇಳಿದ್ರು. ಅಯ್ಯೋ ಹುಡುಗ್ರಾ, ನಿಮ್ಮವ್ವ ಅವತ್ತು ನೆಲದ ಮೇಲೆ ನಿಂತು ಎರಚಿದ್ಲಾ? ಕುಳ್ಳಿ, ಜೋಳ ಎದೆಗಿಂತ ಎತ್ತರ ಬೆಳೆದಿತ್ತು, ನಾನೇ ಗಾಡಿ ಮೇಲೆ ಹತ್ತವ್ವ ಅಂದಿದ್ದೆ. ಬದು ಪಕ್ಕ ಗಾಡಿ ನಿಲ್ಲಿಸಿದ್ದೆ, ಬರ್ರಿ ತೋರಿಸ್ತೀನಿ.

ತೋರಿಸಿದ. ಅವತ್ತಿನಂಗೇ ಎರಚಿ, ಎಲ್ಲಿಗೆ ಬೀಳುತ್ತೆ ನೋಡೋಣ ಅಂತ ಅಲ್ಲಿಗೆ ಟ್ರಾಲಿ ತಂದು ನಿಲ್ಲಿಸಿದ್ರು. ಕೊಟ್ರವ್ವ ಹತ್ತಿ ಎರಚಿದ್ರೆ ಅವಳ ಕಾಲ ಬುಡಕ್ಕೇ ಬಿತ್ತು, ಭುಜ ನೋವು ಬೇರೆ. ಆಗ ಕಿರೀ ಸೊಸೆ ಸುಮಂಗಲಾ, ಅತ್ತೇ, ನೀವು ಆವಾಗ ನನ್ನ ವಯಸ್ಸಿನೋರು, ನಾನು ಎರಚ್ತೀನಿ ಇಳೀರಿ ಅಂದ್ಳಂತೆ. ಕೈಗೆ ತುಪ್ಪ ಸವರ್ಕೊಂಡು, ಮೊಸರನ್ನದಲ್ಲಿ ಉಂಗುರದ ಬದಲು ಒಂದು ತಗಡಿನ ಬಾಟ್ಲಿ ಮುಚ್ಚಳ ಇಟ್ಟು, ಸೆರಗು ಸಿಕ್ಕಿಸಿ ಬೀಸಿದ್ಳು ನೋಡು! ಅನ್ನ ಇಲ್ಲೇ ಉದುರ್ತು, ಮುಚ್ಚಳ ಮಾತ್ರ ಹಾರಿ, ಬದು ದಾಟಿ, ಗೋಣೆಪ್ಪನ ಹೊಲದ ಬನ್ನಿ ಗಿಡದ ಬುಡಕ್ಕೆ ಬಿತ್ತಂತೆ. ಎಲ್ಲರೂ ಬಾಯಿ ಬಿಟ್ಕೊಂಡು ನಿಂತ್ರು. ಇಷ್ಟು ದಿನ ಹುಡುಕಿದ್ದೆಲ್ಲ ತಮ್ಮ ಹೊಲ!

ಗೋಣೆಪ್ಪನ ಹೊಲದಲ್ಲಿ ಕಡ್ಲೆ ಹೂವಾಗಿತ್ತು. ಹೂವಾದ ಕಡ್ಲೆ ತುಳಿಸ್ಕೊಳ್ಳೋಕೆ ಯಾರು ಒಪ್ತಾರೆ? ಮೂವರೂ ಬದು ಮೇಲೆ ನಿಂತು ತಲೆ ಕೆರ್ಕೊಂಡ್ರು. ಗೋಣೆಪ್ಪನೇ ಬಂದು, ಚಪ್ಪಲಿ ಬಿಚ್ಚಿ ಸಾಲು ಹಿಡಿದು ನಡೀರಿ, ಹಾಳಾದ್ರೆ ನಾಲ್ಕು ಗಿಡ, ತಂಗಿ ಮನಸಿಗಿಂತ ಹೆಚ್ಚಾ ಅಂದ್ನಂತೆ. ಬನ್ನಿ ಬುಡದಲ್ಲಿ, ನೇಗಿಲು ಕುಂಟೆ ಮುಟ್ಟದ ಜಾಗದಲ್ಲಿ, ಮೆಷಿನ್ ಮೊದಲು ಮುಚ್ಚಳಕ್ಕೆ ಕೂಗ್ತು, ಮುಚ್ಚಳ ತೆಗೆದ್ರು, ಆದ್ರೂ ಕೂಗ್ತು. ಗೇಣು ಆಳ ಅಗೆದ್ರೆ ಬೇರಿನ ಸಂದಿಲಿ ಉಂಗುರ! ಒಂದಿಷ್ಟೂ ಮಾಸಿರಲಿಲ್ಲ.

ಕೊಟ್ರವ್ವ ಉಂಗುರ ಹಾಕ್ಕೊಳ್ಳಲಿಲ್ಲ. ಮೊದಲು ಮಣ್ಣಿಗೆ ಹಣೆ ಹಚ್ಚಿ, ತಾಯಿ, ಇಷ್ಟು ವರ್ಷ ಯಾರ ಕೈಗೂ ಕೊಡದಂಗೆ ಇಟ್ಕೊಂಡಿದ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ ಅಂದ್ಳು. ಆಮೇಲೆ ಗೋಣೆಪ್ಪಂಗೆ ಕೈ ಮುಗಿದ್ಳು, ದುರುಗಪ್ಪಂಗೆ ಮುಗಿದ್ಳು, ಬನ್ನಿ ಗಿಡಕ್ಕೆ ಮುಗಿದ್ಳು, ಆ ಮೆಷಿನ್ನಿಗೂ ಮುಗಿದ್ಳು, ಅದು ಮತ್ತೆ ಕೀಲಿಗೊಂಚಲಿಗೆ ಕೂಗ್ತು. ಕೂಗವ್ವ ಕೂಗು, ನಿನ್ನ ಬಾಯಿ ಇವತ್ತು ಎಷ್ಟು ಕೂಗಿದ್ರೂ ಚೆಂದ ಅಂದ್ಳಂತೆ. ಉಂಗುರ ಸುಮಂಗಲನ ಬೆರಳಿಗೆ ಹಾಕಿ, ತಾನೇ ಕೂತು ದಾರ ಸುತ್ತಿ ಬಿಗಿ ಮಾಡಿದ್ಳು.

ಮೂರನೇ ಸಲ ತಪ್ಪಾಯ್ತು ಅನ್ನೋಕೆ ಮಕ್ಕಳು ಹೊರಟ್ರು. ಎರಡು ಕಡೆ ಹೇಳಿ ಹೇಳಿ ರೂಢಿಯಾಗಿತ್ತಲ್ಲ, ಸೊಸೇನೂ ಜೊತೆಗೆ ಹೊರಟ್ಳು. ಪರಸಣ್ಣ ಪಡಸಾಲೇಲಿ ಕೂತು ಶೇಂಗಾ ಸುಲೀತಿದ್ದ. ಮಾವಾ, ಉಂಗುರ ಸಿಕ್ತು ಅಂತ ಸೊಸೆ ಕೈ ಚಾಚಿ ತೋರಿಸಿದ್ರೆ ಅವನು ಕಣ್ಣೆತ್ತಿ ನೋಡಲಿಲ್ಲ. ಸಿಗದೆ ಎಲ್ಲಿ ಹೋಗುತ್ತೆ, ನಮ್ಮನೇಲಿ ಇಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತಲ್ಲ ಅಂದ, ಇನ್ನೊಂದು ಶೇಂಗಾ ಸುಲಿದ. ಆಗ ದೊಡ್ಡೋನು ಕಾಲಿಗೆ ಬಿದ್ದು, ಮಾವಾ, ಆಡಿದ್ದು ನಮ್ಮಜ್ಜಿ, ಕೇಳ್ಕೊಂಡು ಸುಮ್ನೆ ಕೂತಿದ್ದು ನಮ್ಮಪ್ಪ. ಅವರಿಬ್ಬರೂ ಬರೋ ಹಂಗಿಲ್ಲ, ಅದಕ್ಕೇ ನಾವು ಬಂದಿದೀವಿ, ತಪ್ಪು ನಮ್ಮನೇದು ಅಂದ್ನಂತೆ. ಪರಸಣ್ಣ ಕೈಲಿದ್ದ ಶೇಂಗಾ ಕೆಳಗಿಟ್ಟ. ಆಮೇಲೆ ಮಡಿಲಿನ ಸಿಪ್ಪೆ ಕೊಡವಿ ಎದ್ದು, ನನ್ನ ಚಪ್ಪಲಿ ಎಲ್ಲಿ ಬಿಟ್ಟೆನೋ ಅಂತ ಹುಡುಕೋಕೆ ಶುರು ಮಾಡಿದ್ನಂತೆ.

ಸೇತುವೆ ಬಂತು, ಬಸ್ಸಿಂದ ಇಳಿದ, ಕಟ್ಟೆ ಕಡೆ ನೋಡದೆ ಊರೊಳಗೆ ನಡೆದ. ಕೊಟ್ರವ್ವ ಹೊಸಲಲ್ಲಿ ತಂಬಿಗೆ ಹಿಡ್ಕೊಂಡು ನಿಂತಿದ್ಳು, ಅಣ್ಣನ ಕಾಲಿಗೆ ನೀರು ಹಾಕೋಕೆ ಹೋಗಿ ಅರ್ಧ ತನ್ನ ಕಾಲಿಗೇ ಹಾಕ್ಕೊಂಡ್ಳು. ಬಿಸಿ ರೊಟ್ಟಿ ಬಡಿದ್ಳು. ಒಂದು ತಿಂದ, ಇನ್ನೊಂದು ಹಾಕಿದ್ಳು, ಅದನ್ನೂ ತಿಂದ. ಆಮೇಲೆ ಚೊಂಬು ಎತ್ತಿ ಗಟಗಟ ನೀರು ಕುಡಿದು, ಬಾಯಿ ಒರೆಸ್ಕೊಂಡು, ನಿಮ್ಮೂರ ನೀರು ಸವಳು ಕಣೇ ತಂಗಿ ಅಂದ್ನಂತೆ. ಕೊಟ್ರವ್ವಂಗೆ ಅಳು ನಗು ಎರಡೂ ಒಟ್ಟಿಗೆ ಬಂದು, ಇಷ್ಟು ವರ್ಷ ನಾನು ಅದನ್ನೇ ಕುಡಿದಿದೀನಿ, ಈಗ ಹೇಳ್ತೀಯೇನೋ ಅಣ್ಣಾ ಅಂತ ಇನ್ನೊಂದು ಚೊಂಬು ತುಂಬಿಸಿ ಕೊಟ್ಳಂತೆ. ಅವನು ಅದನ್ನೂ ಕುಡಿದ.

ಅವರು ಉಂಡು ಅಲ್ಲಿದ್ರು, ನಾವು ಹೊದ್ದು ಇಲ್ಲಿದೀವಿ, ನಡುವೆ ಇದ್ದ ಕತೆ ಮುಗೀತು. ಹೂಂ ಅನ್ನು. ಮಗಾ? ಓ, ಮಲ್ಕೊಂಡ್ಯಾ.