ಗುಡ್ಡಕ್ಕೆ ಮುಖಮಾಡಿದ ಎರಡು ಡಿಶ್‌ಗಳು

ಗುಡ್ಡದ ಆಸ್ಪತ್ರೆಯ ಮಾತನ್ನು ಪಟ್ಟಣದ ಡಾಕ್ಟರಿಗೆ ಮುಟ್ಟಿಸಲು ದಾರಿಯ ಟವರೊಂದರ ಮೇಲೆ ಎರಡು ಡಿಶ್‌ಗಳಿದ್ದವು. ಕೆಲಸವೆಲ್ಲ ಹಳೆಯದರದು. ಅದು ಸತ್ತರೆ ಮಾತ್ರ ನೀನು ಶುರುಮಾಡು ಎಂದು ಹೊಸದಕ್ಕೆ ಅಪ್ಪಣೆಯಾಗಿತ್ತು. ಹಾಗಾಗಿ ಅದು ಗಳಿಗೆಗೊಮ್ಮೆ ಕೇಳುತ್ತಿತ್ತು: "ಅಣ್ಣಾ, ಇದ್ದೀರಾ?"

"ಯಾಕಪ್ಪಾ ಪ್ರಾಣ ತಿನ್ನುತ್ತೀ? ಇದ್ದೇನೆ," ಎನ್ನುತ್ತಿತ್ತು ದಣಿದ ಹಳೆಯ ಡಿಶ್.

ಒಂದು ಬೆಳಿಗ್ಗೆ ಮಂಗವೊಂದು ಹಳೆಯ ಡಿಶ್ಶಿಗೆ ಜೋತುಬಿದ್ದು ಅದರ ಮುಖವನ್ನೇ ಬೇರೆ ಕಡೆಗೆ ತಿರುಗಿಸಿ ಹೋಯಿತು. ಹೊಸದು ಎಂದಿನಂತೆ ಕೇಳಿತು. ಹಳೆಯದು ಎಂದಿನಂತೆ ಇದ್ದೇನೆ ಎಂದಿತು. ಹೊಸದು ನೆಮ್ಮದಿಯಾಗಿ ಸುಮ್ಮನಾಯಿತು.

ಮಧ್ಯಾಹ್ನ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸನ್ನು ಮಲಗಿಸಿಕೊಂಡು ಜೀಪೊಂದು ಗುಡ್ಡ ಇಳಿದು ಟವರಿನ ಕೆಳಗೇ ಹಾದುಹೋಯಿತು. "ಬೆಳಿಗ್ಗೆಯಿಂದ ಕೂಗಿದ್ದೇ ಬಂತು, ಡಾಕ್ಟರಿಗೆ ಒಂದು ಮಾತೂ ಮುಟ್ಟಲಿಲ್ಲ," ಎಂದು ಜೀಪಿನೊಳಗಿದ್ದ ಗುಡ್ಡದ ಆಸ್ಪತ್ರೆಯ ನರ್ಸಮ್ಮ ಅಳುತ್ತಿದ್ದಳು.

ಹೊಸದು ಬೆಚ್ಚಿತು. "ಅಣ್ಣಾ, ಇದ್ದೇನೆ ಅಂದಿರಲ್ಲ!"

"ಇದ್ದೇನಲ್ಲಪ್ಪಾ, ಇಲ್ಲೇ ಇದ್ದೇನೆ. ಗುಡ್ಡದ ಮಾತು ಕೇಳಿಸುತ್ತಿದೆಯಾ ಅಂತ ನೀನು ಯಾವತ್ತು ಕೇಳಿದೆ?"

ಹೊಸ ಡಿಶ್ ಮೊದಲ ಸಲ ಗುಡ್ಡದ ಕಡೆಗೆ ಕಿವಿಗೊಟ್ಟಿತು. ಅಲ್ಲಿ ಈಗ ಕರೆಯುವವರು ಯಾರೂ ಇರಲಿಲ್ಲ.