ಒನಕೆ ಏಳುವಷ್ಟರಲ್ಲಿ

ಯಾರು ಮಾತಾಡಿದರೂ ಸಿಂಗ ಅವರ ಬಾಯಿ ನೋಡುತ್ತಿರಲಿಲ್ಲ, ಎದೆಯ ಏರಿಳಿತ ನೋಡುತ್ತಿದ್ದ. ಭತ್ತ ಕುಟ್ಟುವ ಮನೆಯಲ್ಲಿ, ಕುಟ್ಟುವವರ ಉಸಿರು ನೋಡಿಯೇ ಒನಕೆಯ ಏಳುಬೀಳು ಅರಿಯುತ್ತ ಬೆಳೆದವನಿಗೆ ಅದೊಂದು ಅಭ್ಯಾಸ. ಅಂದು ಡಂಗುರದವನು ಉಸಿರು ತುಂಬಿಕೊಂಡಾಗಲೇ ಸುದ್ದಿ ಒಳ್ಳೆಯದಲ್ಲ ಎಂದು ಅವನಿಗೆ ಅನ್ನಿಸಿತು.

"ಕೇಳ್ರಪ್ಪೋ ಕೇಳಿ! ಜರ್ಮನ್ ದೇಶದ ಕತ್ತಿಗುರು ಹಾನ್ಸ್ ಸಾಹೇಬರು ಮೂರು ಒಗಟು ಹಾಕ್ತಾರೆ. ಬಿಡಿಸಿದವನೇ ಅರಮನೆ ಗರಡಿಯ ಯಜಮಾನ. ತಪ್ಪಿದವನ ತಲೆ ಮಾರನೇ ದಿನ ಹಾರುತ್ತೆ! ನಿನ್ನೆ ತಪ್ಪಿದ ಸಿಪಾಯಿ ಮಾಚನ ತಲೆ ಇವತ್ತು ಸಂಜೆ!"

ಮಾಚ ಸಿಂಗನ ಒಡಹುಟ್ಟಿದ ಅಣ್ಣ. ಸಿಂಗ ಕೈಗಂಟಿದ ತೌಡು ಒರೆಸಿಕೊಂಡು ಅರಮನೆಗೆ ನಡೆದ.

ಅಲ್ಲಿ ರಾಜನ ಸಭೆಯಲ್ಲಿ ದಳವಾಯಿಯ ಮಗ ಚಿಕ್ಕರಸ ಆಗಲೇ ಮುಂದೆ ನಿಂತಿದ್ದ. "ಏನೋ ಒರಳಿನ ಪಂಡಿತ, ಅಕ್ಕಿ ತಂದ್ಯಾ?" ಎಂದು ನಕ್ಕ.

ಗುರು ತನ್ನ ಉದ್ದ ಕತ್ತಿಯನ್ನು ನೆಲಕ್ಕೂರಿ ಹೇಳಿದ: "ಮೂರಕ್ಕೂ ಒಂದೊಂದೇ ಮಾತು ಉತ್ತರ. ಇದನ್ನು ಹಿಡಿದವನು ಹೊಡೆಯುತ್ತಾನೆ, ಎದುರಾಳಿ ಬರೀ ತಡೆಯುತ್ತಿರಬೇಕು. ಏನದು?"

"ಮೊದಲು," ಎಂದ ಚಿಕ್ಕರಸ.

"ಸರಿ. ತಡೆಯುವವನ ಪಾಲಿಗೆ ಬಂದದ್ದು ಯಾವುದು?"

"ಆಮೇಲೆ!"

"ಸರಿ. ಇಬ್ಬರೂ ಒಂದೇ ಗಳಿಗೆಯಲ್ಲಿ ಕತ್ತಿ ಬೀಸಿದರು. ಒಬ್ಬ ಬಿದ್ದ, ಇನ್ನೊಬ್ಬನಿಗೆ ಗೀರೂ ಇಲ್ಲ. ನಿಂತವನು ಮೊದಲೂ ಹೊಡೆಯಲಿಲ್ಲ, ಆಮೇಲೂ ಹೊಡೆಯಲಿಲ್ಲ. ಮತ್ತೆ ಯಾವಾಗ?"

"ಇನ್ಯಾವಾಗ? ಒಟ್ಟಿಗೆ!"

"ಒಟ್ಟಿಗೆ ಹೊಡೆದವರು ಒಟ್ಟಿಗೇ ಸಾಯುತ್ತಾರೆ," ಎಂದ ಗುರು. "ನಿನ್ನೆಯ ಸಿಪಾಯಿಯೂ ಇದನ್ನೇ ಹೇಳಿದ."

ಭಟರು ಚಿಕ್ಕರಸನ ತೋಳು ಹಿಡಿದರು. ಗುರು ಸಿಂಗನ ಕಡೆ ತಿರುಗಿದ. "ಮೊದಲೆರಡನ್ನು ನೀನು ಕೇಳಿಸಿಕೊಂಡೆ. ಮೂರನೆಯದು ನಿನ್ನದು."

ಸಿಂಗ ಗುರುವಿನ ಎದೆಯ ಏರಿಳಿತ ನೋಡಿದ. "ಅಷ್ಟರಲ್ಲಿ..." ಎಂದ.

"ಅಷ್ಟರಲ್ಲಿ ಏನಾಯ್ತೋ? ಮುಂದಕ್ಕೆ ಹೇಳು," ಎಂದ ರಾಜ. ಸಭೆ ಗೊಳ್ಳೆಂದಿತು.

"ಮುಂದಕ್ಕಿಲ್ಲ ಮಾಸ್ವಾಮಿ, ಅದೇ ಉತ್ತರ. ಅವ್ವ ಕುಟ್ತಾಳೆ, ನಾನು ಒರಳಿಗೆ ಕೈ ಹಾಕಿ ಭತ್ತ ಮಗುಚ್ತೀನಿ. ಒನಕೆ ಜೊತೆಗೇ ಕೈ ಇಳಿಸಿದ್ರೆ ಬೆರಳಿರಲ್ಲ. ಪೂರ್ತಿ ಮೇಲೆ ಹೋಗ್ಲಿ ಅಂತ ಕಾದ್ರೂ ಇರಲ್ಲ, ಅದು ಇಳಿಯೋಕೆ ಶುರು ಮಾಡಿರುತ್ತೆ. ಏಳೋದನ್ನ ನೋಡ್ತಾನೇ ಕೈ ಹೋಗಿ ಬಂದಿರಬೇಕು. ಒಟ್ಟಿಗೆ ಅನ್ನೋದು ಕುರುಡು. ಅಷ್ಟರಲ್ಲಿ ಅನ್ನೋದಕ್ಕೆ ಕಣ್ಣಿದೆ."

ಗುರು ನೆಲಕ್ಕೂರಿದ ಕತ್ತಿಯನ್ನು ಎತ್ತಿ ಒರೆಗೆ ಸೇರಿಸಿದ. "ಎದುರಾಳಿಯ ಕತ್ತಿ ಬರುತ್ತಿರುವಾಗಲೇ ಅದರ ಬಲವನ್ನು ಅಳೆದು, ಪಕ್ಕಕ್ಕೊತ್ತಿ, ಅದೇ ಬೀಸಿನಲ್ಲಿ ಹೊಡೆಯುವುದು. ನಮ್ಮವರು ಅದಕ್ಕೆ ಇಂಡೆಸ್ ಅನ್ನುತ್ತಾರೆ, ಅಂದರೆ ಅಷ್ಟರಲ್ಲಿ. ನನಗೆ ಅದು ತಿಳಿಯಲು ಹನ್ನೆರಡು ವರ್ಷ ಬೇಕಾಯಿತು."

ರಾಜ ಗರಡಿಯ ಕಡಗವನ್ನು ಸಿಂಗನ ಕೈಗೆ ತೊಡಿಸಿದ. ಸಿಂಗ ಅಣ್ಣನ ಪ್ರಾಣ ಬೇಡಿದಾಗ ಮಾಚನ ಬೇಡಿಯನ್ನೂ ಬಿಚ್ಚಿಸಿದ. "ಇನ್ನೇನಾದರೂ ಬೇಕೋ?"

ಸಿಂಗ ಚಿಕ್ಕರಸನನ್ನು ನೋಡಿದ. ಅವನೀಗ ನಗುತ್ತಿರಲಿಲ್ಲ.

"ಅವರೂ ನಮ್ಮಣ್ಣ ಹೇಳಿದ್ದನ್ನೇ ಹೇಳಿದ್ದು, ಬುದ್ಧಿ. ಅವರನ್ನೂ ಬಿಡಿ."

ದಳವಾಯಿ ಎದ್ದು ನಿಂತ. ರಾಜ ಗುರುವಿನ ಕಡೆ ನೋಡಿದ.

"ಬಿಡಿ, ಮಾಸ್ವಾಮಿ," ಎಂದ ಸಿಂಗ ಮತ್ತೊಮ್ಮೆ. ರಾಜ ಕೈಸನ್ನೆ ಮಾಡಿದ; ಭಟರು ಚಿಕ್ಕರಸನ ತೋಳು ಬಿಟ್ಟರು.